ಬಾಗಿಲು ಹಾಕಿಕೊಂಡವಳ ಏಳು ಅರ್ಥಗಳು

ಭಾನುವಾರ, 10 ಫೆಬ್ರವರಿ 1980, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಇದನ್ನು ಬರೆಯಲು ಶುರುಮಾಡಿದೆ. ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತಿದ್ದೇನೆ. ಇದು ನಾಲ್ಕನೇ ಪ್ರಯತ್ನ. ಜನವರಿ 20, ಜನವರಿ 27 ಮತ್ತು ಫೆಬ್ರವರಿ 3ರಂದು ಬರೆದದ್ದನ್ನು ಹರಿದು ಹಾಕಿದೆ. ಪ್ರತಿ ಸಲವೂ ನಡೆದದ್ದನ್ನು ಬರೆಯುತ್ತಿದ್ದೇನೆಯೋ, ನಡೆದದ್ದಕ್ಕೆ ನಾನೇ ಹಚ್ಚಿದ ಅರ್ಥವನ್ನು ಬರೆಯುತ್ತಿದ್ದೇನೆಯೋ ಎಂಬ ಅನುಮಾನ ಬಂದು ಕೈ ನಿಂತುಬಿಟ್ಟಿತು.

ಹೇಳಬೇಕಾದ ಸಂಗತಿ ಇಷ್ಟು. ನಮ್ಮ ಓಣಿಯ ಗುಡಿಯಲ್ಲಿ ಹತ್ತೊಂಬತ್ತು ಶ್ರಾವಣ ಪದ್ಯಗಳಿಗೆ ಅರ್ಥ ಹೇಳಿದ ಒಬ್ಬ ಅಜ್ಜನಿಗೆ 1978ರಲ್ಲಿ ಇನ್ನು ಬರಬೇಡ ಎಂದರು. ಅದಕ್ಕೆ ಅವರು ತೋರಿಸಿದ ಸಾಕ್ಷಿ ನನ್ನ ನೋಟುಬುಕ್ಕು. ಆ ಸಾಕ್ಷಿಯಲ್ಲಿ ತಪ್ಪಿದೆ ಎಂದು ಈಗ ನನಗೆ ಗೊತ್ತು. ಎಷ್ಟು ತಪ್ಪಿದೆ ಎಂದು ಗೊತ್ತಿಲ್ಲ. ಬರುವ ಶ್ರಾವಣದೊಳಗೆ ಅದನ್ನು ತಿಳಿದು ಗುಡಿಯ ಪಂಚರ ಮುಂದೆ ಇಡದಿದ್ದರೆ ಆ ಅಜ್ಜ ಮತ್ತೆ ಅರ್ಥ ಹೇಳುವವರ ಮಣೆಯ ಮೇಲೆ ಕೂಡುವುದಿಲ್ಲ. ಅವರಿಗೆ ಈಗ ಎಪ್ಪತ್ತರ ಹತ್ತಿರ. ಕಾಯಲು ಬಹಳ ಶ್ರಾವಣಗಳಿಲ್ಲ.

ನಮ್ಮ ಕಡೆ ಶ್ರಾವಣದಲ್ಲಿ ಗುಡಿಯಲ್ಲಿ ಹೊತ್ತಿಗೆ, ಅಂದರೆ ಹಳೆಯ ಪದ್ಯದ ಪುಸ್ತಕ, ಓದುವ ಪದ್ಧತಿ ಇದೆ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ. ಇಬ್ಬರಿಗೂ ಒಂದೊಂದು ಮಣೆ. ನಮ್ಮ ಗುಡಿಯ ಹೊತ್ತಿಗೆ ಕೈಬರಹದ್ದು. ಮೊದಲ ಹಾಳೆಗಳೂ ಕಡೆಯ ಹಾಳೆಗಳೂ ಹೋಗಿರುವುದರಿಂದ ಬರೆದವರು ಯಾರು, ಯಾವ ಕಾಲದವರು, ಒಂದೂ ಗೊತ್ತಿಲ್ಲ. ಊರೂರು ತಿರುಗುವ ಒಬ್ಬ ಶರಣನ ಕಥೆ ಅದರಲ್ಲಿದೆ. ಅದನ್ನು ಬಸವಕಲ್ಯಾಣದಲ್ಲಿ ಭಾನುವಾರ ಮಧ್ಯಾಹ್ನ ಓದುತ್ತಿದ್ದರು. ಗುರುವಾರ ಸಂಜೆ ಐದೂವರೆಗೆ ಅದೇ ಹೊತ್ತಿಗೆಯನ್ನು ಅದೇ ಇಬ್ಬರು ಹುಮನಾಬಾದದ ಗಂಜಿನ, ಅಂದರೆ ದವಸದ ಪೇಟೆಯ, ಹತ್ತಿರದ ಗುಡಿಯಲ್ಲಿ ಓದುತ್ತಿದ್ದರು.

ನಾನು ಹುಮನಾಬಾದದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸೋಮವಾರದಿಂದ ಶನಿವಾರದವರೆಗೆ ಅಲ್ಲಿ ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ ಮನೆಯಲ್ಲಿ ಇರುತ್ತೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಸವಕಲ್ಯಾಣಕ್ಕೆ ಬರುತ್ತೇನೆ. ಹೀಗಾಗಿ ಒಂದೇ ಹೊತ್ತಿಗೆಯನ್ನು ಎರಡೂ ಊರುಗಳಲ್ಲಿ ಕೇಳುವ ಅನುಕೂಲ ನನ್ನೊಬ್ಬಳಿಗೇ ಇತ್ತು. ದಿನಚರಿ ಬರೆಯುವ ರೂಢಿ ಮ್ಯಾಟ್ರಿಕ್ ವರ್ಷದಿಂದ ಇದೆ. 1976ರ ಶ್ರಾವಣದಲ್ಲಿ ಹೊತ್ತಿಗೆಗೆಂದೇ ಬೇರೆ ನೋಟುಬುಕ್ಕು ಮಾಡಿ ಗೆರೆ ಎಳೆದೆ: ತಾರೀಖು, ಊರು, ಕೇಳಿದವರ ಸಂಖ್ಯೆ, ಪದ್ಯದ ಸಂಖ್ಯೆ, ಅರ್ಥ. ಹಾಜರಿ ಪುಸ್ತಕದಲ್ಲಿ ಒಂದು ಮನೆಯೂ ಖಾಲಿ ಇರಬಾರದೆಂದು ನಮ್ಮ ಹೆಡ್‌ಮಾಸ್ತರರ ಕಟ್ಟಪ್ಪಣೆ. ಆ ಕಟ್ಟಪ್ಪಣೆಯನ್ನು ಈ ನೋಟುಬುಕ್ಕಿಗೂ ತಂದುಕೊಂಡೆ.

ಅರ್ಥ ಹೇಳುವ ಅಜ್ಜ ಕೊಹಿನೂರದವರು, ಒಕ್ಕಲುತನದ ಮನೆ. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವರು. ಕನ್ನಡ ಅಕ್ಷರ ಕಲಿತದ್ದು ದೊಡ್ಡವರಾದ ಮೇಲೆ, ಅದೂ ಅಷ್ಟಕ್ಕಷ್ಟೆ. ಆದ್ದರಿಂದ ಓದುವ ಮಣೆಗೆ ಅವರು ಎಂದೂ ಆಸೆಪಡಲಿಲ್ಲ. ಪದ್ಯ ನಡೆಯುವಾಗ ಕಣ್ಣು ಮುಚ್ಚಿರುತ್ತಿದ್ದರು. ಪದ್ಯ ನಿಂತ ಮೇಲೆ ಕಣ್ಣು ತೆರೆದು, ಮೊದಲು ಯಾರು ಯಾರು ಬಂದಿದ್ದಾರೆ ಎಂದು ಒಂದು ಸುತ್ತು ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದರು. ಶ್ರಾವಣ ಬಿಟ್ಟು ಉಳಿದ ಹನ್ನೊಂದು ತಿಂಗಳು ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆ ಒಂದು ತಿಂಗಳು ಮಾತ್ರ ಅವರು ಬಸ್ಸಿನಿಂದ ಇಳಿದರೆ ಜನ ಎದ್ದು ನಿಲ್ಲುತ್ತಿದ್ದರು.

ತಕರಾರಿಗೆ ಬಂದದ್ದು ನಲವತ್ತೊಂದನೇ ಪದ್ಯ. ಅದರಲ್ಲಿ ಇರುವುದು ಇಷ್ಟೇ. ನಡುಮಧ್ಯಾಹ್ನ ಶರಣ ಓಣಿಯೊಳಗೆ ಬರುತ್ತಾನೆ. ಒಬ್ಬ ಮನೆಯಾಕೆ ಅವನನ್ನು ನೋಡುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಶರಣ ಹೊರಗೆ ಕಟ್ಟೆಯ ಮೇಲೆ ಕೂಡುತ್ತಾನೆ. ನೆರಳು ಒಂದು ಗೇಣು ಸರಿದ ಮೇಲೆ ಬಾಗಿಲು ತೆರೆಯುತ್ತದೆ. ಅವಳ ಕೈ ಒದ್ದೆಯಾಗಿದೆ. ಅವಳು ಕೊಟ್ಟದ್ದನ್ನು ಅವನು ಉಣ್ಣುತ್ತಾನೆ, ನಗುತ್ತಾನೆ, ಹೋಗುತ್ತಾನೆ. ನಲವತ್ತೆರಡನೇ ಪದ್ಯ ಬರುವಷ್ಟರಲ್ಲಿ ಅವನು ಬೇರೆ ಊರಿನಲ್ಲಿದ್ದಾನೆ. ಅವಳು ಬಾಗಿಲು ಯಾಕೆ ಹಾಕಿಕೊಂಡಳೆಂದು ಬರೆದವರು ಹೇಳಿಲ್ಲ.

ಇದನ್ನು ನಾನು ಮೊದಲು ಕೇಳಿದ್ದು 8 ಆಗಸ್ಟ್ 1976, ಭಾನುವಾರ, ಬಸವಕಲ್ಯಾಣದಲ್ಲಿ. ಕೇಳುವವರು ಮೂವತ್ತಾರು ಮಂದಿ. ಅಜ್ಜ ಕಣ್ಣು ತೆರೆದು ಹೆಂಗಸರ ಕಡೆಗೆ ತಿರುಗಿದರು.

"ಬಾಗಿಲಾ ಹಾಕ್ಕೊಂಡ್ಲಂತ. ಮನಿಗಿ ಬಂದಾಂವಗ ಕೂಡ್ರಿ ಅನ್ನೂದು ಬಿಟ್ಟು ಬಾಗಿಲಾ ಹಾಕ್ಕೋತಾರೇನ್ರಿ ಯಾರರೆ? ಹಿಟ್ಟಿನ ಗಡಗ್ಯಾಗ ಕೈ ಹಾಕಿದ್ರ ತಳಾ ಹತ್ತತದ. ಅಂಥಾ ದಿನಾ ನೀವು ಕಂಡಿಲ್ಲೇನು?"

"ಕಂಡೀವ್ರಿ, ಯಾಕ ಕಂಡಿಲ್ಲ," ಎಂದರು ಮುಂದೆ ಕೂತಿದ್ದ ಒಬ್ಬ ಮುದುಕಿ. "ಇವತ್ತ ಮುಂಜಾನಿನೂ ಕಂಡೀನಿ."

ಎಲ್ಲರೂ ನಕ್ಕರು. ನಾನು ಬರೆದುಕೊಂಡೆ: ಮನೆಯಲ್ಲಿ ಹಿಟ್ಟು ಇರಲಿಲ್ಲ; ಉಳಿದ ಒಂದು ಹಿಡಿ ಜೋಳ ಬೀಸಿ ರೊಟ್ಟಿ ಮಾಡಲು ಬಾಗಿಲು ಹಾಕಿಕೊಂಡಳು; ಕೈ ಒದ್ದೆಯಾದದ್ದು ಹಿಟ್ಟು ನಾದಿದ್ದರಿಂದ.

ಹನ್ನೊಂದು ದಿನದ ಮೇಲೆ, 19 ಆಗಸ್ಟ್, ಗುರುವಾರ, ಹುಮನಾಬಾದ. ಕೇಳುವವರು ಐವತ್ತೆರಡು ಮಂದಿ, ಹೆಚ್ಚಿನವರು ಗಂಜಿನವರು, ಅಂಗಡಿಯವರು. ಅದೇ ಪದ್ಯ. ಅಜ್ಜ ಈ ಸಲ ಗಂಡಸರ ಕಡೆ ನೋಡಿದರು.

"ಸಾವಕಾರ್ರ, ನಿಮ್ಮ ಮನ್ಯಾಗ ತುಪ್ಪದ ಗಡಗಿ ಎರಡು ಇರ್ತಾವಿಲ್ರಿ? ಒಂದು ಮನಿಯವರಿಗಿ, ಒಂದು ಬಂದವರಿಗಿ?"

"ಮೂರು ಇರ್ತಾವ," ಎಂದರು ಹಿಂದಿನಿಂದ ಯಾರೋ. "ಅಳಿಯಾಗ ಬ್ಯಾರೆ!"

ನಗೆ ನಿಂತ ಮೇಲೆ ಅಜ್ಜ ಮುಂದುವರಿದರು. ನಾನು ಬರೆದುಕೊಂಡೆ: ಮನೆ ತುಂಬಿತ್ತು, ಹಳೆಯದನ್ನು ಕೊಡಲೋ ಹೊಸದನ್ನು ಕೊಡಲೋ ಎಂದು ಲೆಕ್ಕ ಹಾಕಲು ಬಾಗಿಲು ಹಾಕಿಕೊಂಡಳು, ಆಮೇಲೆ ನಾಚಿಕೆಯಾಗಿ ಕೈ ತೊಳೆದುಕೊಂಡು ಹೊಸದನ್ನೇ ಕೊಟ್ಟಳು.

ಆ ಸಂಜೆ ಚಿಗವ್ವನ ಮನೆಯಲ್ಲಿ ಎರಡೂ ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ತಳಮಳವಾಯಿತು. ಒಂದು ಮನೆಯಲ್ಲಿ ಹಿಟ್ಟು ಇಲ್ಲ, ಇನ್ನೊಂದರಲ್ಲಿ ಗಡಿಗೆ ತುಂಬಿದೆ. ಮನೆ ಒಂದೇ, ಹೆಂಗಸು ಒಬ್ಬಳೇ. ಇವೆರಡರಲ್ಲಿ ಒಂದು ಸುಳ್ಳಿರಬೇಕು ಎಂದು ಅಂದು ಬರೆದಿದ್ದೇನೆ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಮುಂದಿನ ವರ್ಷ, 21 ಆಗಸ್ಟ್ 1977ರಂದು ಬಸವಕಲ್ಯಾಣದಲ್ಲಿ ಅರ್ಥ ಮತ್ತೆ ಬದಲಾಯಿತು. ಆ ವಾರ ಓಣಿಯಲ್ಲಿ ಒಂದು ಸಾವಾಗಿತ್ತು. ಅತ್ತ ಮುಖದಲ್ಲಿ ಅನ್ನ ನೀಡಬಾರದೆಂದು ಅವಳು ಒಳಗೆ ಹೋಗಿ ಮುಖ ತೊಳೆದಳು ಎಂದು ನನ್ನ ನೋಟುಬುಕ್ಕಿನಲ್ಲಿದೆ. ಗುಡಿಯಿಂದ ಹೊರಬರುವಾಗ ಅಜ್ಜನನ್ನು ತಡೆದು ಕೇಳಿದೆ.

"ಅಜ್ಜಾ, ಹೋದ ವರ್ಷ ಹಿಟ್ಟು ಇರಲಿಲ್ಲ ಅಂದಿದ್ರಿ."

"ಅಂದಿದ್ನೇನು?"

"ಬರಕೊಂಡೀನ್ರಿ. ತಾರೀಖ ಸುದ್ಧಾ ಅದ."

"ಬರಕೊಂಡಿದ್ರ ನನಗ ಯಾಕ ಕೇಳ್ತಿ ಮಗಳ? ನೀನಽ ನೋಡಿ ನನಗ ಹೇಳು," ಎಂದು ನಗುತ್ತಾ ಚಪ್ಪಲಿ ಹುಡುಕಲು ಹೋದರು.

ಒಂದು ವಾರ ಬಿಟ್ಟು, ಆಗಸ್ಟ್ 28ರ ಮುಂಜಾನೆ, ನಮ್ಮ ಗುಡಿಯ ಓದಿಗೆ ಮುಂಚೆ, ಮಂಠಾಳದವರು ಅವರನ್ನು ಕರೆಸಿದ್ದರು. ನಾನೂ ಹೋದೆ. ಅಲ್ಲಿ ಕುರಿ ಕಾಯುವ ಮನೆಗಳವರು ಬಹಳ ಬಂದಿದ್ದರು. ಅಂದಿನ ನನ್ನ ಬರಹ: ಒಳಗೆ ಕುರಿ ಈಯುತ್ತಿತ್ತು, ಓಣಿಯಲ್ಲಿ ನಾಯಿ ಇತ್ತು, ಅದಕ್ಕೆ ಬಾಗಿಲು ಹಾಕಿಕೊಂಡಳು, ಕೈಯ ಒದ್ದೆ ಮರಿಯದು. ಹೆಂಗಸರು ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎಷ್ಟು ನಕ್ಕರೆಂದರೆ ಓದುವವರು ಮುಂದಿನ ಪದ್ಯ ಎತ್ತಿಕೊಳ್ಳಲು ಎರಡು ಸಲ ಕೆಮ್ಮಬೇಕಾಯಿತು.

ಹೀಗೆ 1976ರಲ್ಲಿ ಎರಡು, 1977ರಲ್ಲಿ ಹುಮನಾಬಾದವೂ ಸೇರಿ ಮೂರು, 1978ರಲ್ಲಿ ಎರಡು, ಒಟ್ಟು ಏಳು ಸಲ ಆ ಪದ್ಯ ಕೇಳಿದೆ. ನೋಟುಬುಕ್ಕಿನಲ್ಲಿ ಏಳು ಅರ್ಥಗಳಾದವು. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ನನ್ನ ತಳಮಳ ಬೇರೆ ರೂಪ ತಳೆದಿತ್ತು. ಒಂದು ಸುಳ್ಳಿರಬೇಕು ಎಂಬುದು ಹೋಗಿ, ಇನ್ನೂ ಎಷ್ಟು ಬರಬಹುದು ಎಂಬ ಆತುರ ಹಿಡಿದಿತ್ತು. ಬಸ್ಸಿನಲ್ಲಿ ಕೂತಾಗಲೂ ಆ ಬಾಗಿಲಿನ ಹಿಂದೆ ಇಣುಕುತ್ತಿದ್ದೆ. ತರಗತಿಯಲ್ಲಿ ಮಗ್ಗಿ ಹೇಳಿಸುವಾಗಲೂ ಅಷ್ಟೆ.

1978ರ ಶ್ರಾವಣ ಮುಗಿದ ಮೇಲೆ ಗುಡಿಯ ಪಂಚರು ಹೊತ್ತಿಗೆಯನ್ನು ಅರ್ಥಸಮೇತ ಅಚ್ಚು ಹಾಕಿಸಬೇಕೆಂದು ಗೊತ್ತುಮಾಡಿದರು. ಹಾಳೆಗಳು ಪುಡಿಯಾಗುತ್ತಿದ್ದವು, ಅವರ ಆಲೋಚನೆ ಒಳ್ಳೆಯದೇ. ಪಂಚರಲ್ಲಿ ಹಿರಿಯರು ಬಟ್ಟೆ ಅಂಗಡಿಯವರು. ಅವರು ನಮ್ಮ ಮನೆಗೆ ಬಂದು ಕೇಳಿದರು.

"ಅಕ್ಕೋರ, ಅಜ್ಜ ಹೇಳಿದ್ದೆಲ್ಲಾ ನೀವು ಬರಕೊಂಡೀರಂತಲ್ಲ. ಜರಾ ಸಾಫ್ ಮಾಡಿ ಕೊಡ್ರಿ. ಅಂವಗ ಕೇಳಿದ್ರ ದಿನಕ್ಕೊಂದು ಹೇಳ್ತಾನ."

ನನಗೆ ಎಲ್ಲಿಲ್ಲದ ಹುರುಪು. ನೂರಕ್ಕೂ ಹೆಚ್ಚು ಪದ್ಯಗಳ ಅರ್ಥ ನೀಟಾಗಿ ಬರೆದೆ. ನಲವತ್ತೊಂದನೆಯದಕ್ಕೆ ಮಾತ್ರ ಬೇರೆ ಹಾಳೆ ಹಚ್ಚಿ, ಏಳು ತಾರೀಖು, ಏಳು ಅರ್ಥ ಬರೆದು, ಕೆಳಗೆ ಸಹಿ ಮಾಡಿ ಸೆಪ್ಟೆಂಬರ್ 10ರಂದು ಕೊಟ್ಟೆ. ಒಂದು ಪದ್ಯದಿಂದ ಏಳು ಮನೆಗಳು ಹುಟ್ಟಿದ್ದನ್ನು ನೋಡಿ ಅವರು ಬೆರಗಾಗುತ್ತಾರೆ, ಏಳನ್ನೂ ಅಚ್ಚು ಹಾಕಿಸುತ್ತಾರೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ 17, ಭಾನುವಾರ, ಮುಂಜಾನೆ ಹತ್ತಕ್ಕೆ ಪಂಚರು ಗುಡಿಯಲ್ಲಿ ಸೇರಿದರು. ಐದು ಜನ. ಅಜ್ಜನನ್ನೂ ನನ್ನನ್ನೂ ಕರೆಸಿದ್ದರು. ನನ್ನ ಹಾಳೆ ಬಟ್ಟೆ ಅಂಗಡಿಯವರ ತೊಡೆಯ ಮೇಲಿತ್ತು.

"ಅಜ್ಜಾ, ಒಂದು ಪದ್ಯ, ಏಳು ಅರ್ಥ. ಇದರಾಗ ಖರೇ ಯಾವುದು?"

ಅಜ್ಜ ಆ ಹಾಳೆಯ ಕಡೆ ನೋಡಿದರು. ಬಟ್ಟೆ ಅಂಗಡಿಯವರೇ ಮುಂದುವರಿಸಿದರು.

"ನಾವು ಅಚ್ಚು ಹಾಕಸಾಕತ್ತೀವಿ. ನಾಳಿ ಹುಮನಾಬಾದದವರು ಬಂದು ನಿಮ್ಮ ಬುಕ್ಕಿನಾಗ ಗಲತ್ ಅದ ಅಂದ್ರ ನಾವೇನು ಜವಾಬು ಕೊಡೂದು? ಒಂದು ಹೇಳು. ಯಾವುದರೆ ಹೇಳು, ಹಾಕಸ್ತೀವಿ. ಮಣಿ ನಿನ್ನದಽ ಇರ್ತದ."

ಇನ್ನೊಬ್ಬ ಪಂಚರು ಮಾತು ಸೇರಿಸಿದರು. "ಗಂಜಿನವರ ಮುಂದ ಗಂಜಿನ ಮಾತು, ಕುರಿಯವರ ಮುಂದ ಕುರಿ ಮಾತು. ಇದು ಅರ್ಥ ಹೇಳೂದಲ್ಲ, ಮಂದಿ ಮುಖಾ ನೋಡಿ ಖುಷಿ ಮಾಡೂದು."

ಅಜ್ಜ ಕೈ ಚಾಚಿ ಹಾಳೆ ತೆಗೆದುಕೊಂಡರು. ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತಾ ಮೂರು ಸಾಲು ಓದಿದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಐದೂ ಜನ ಅವರ ಬೆರಳನ್ನೇ ನೋಡುತ್ತಿದ್ದರು. ಅವರು ತಲೆ ಎತ್ತಿ ನನ್ನ ಕಡೆ ನೋಡಿದರು.

"ಭಾಳ ಚಂದ ಬರದಾಳ. ಇಷ್ಟು ಚಂದ ನಾ ಹೇಳೀನೇನು?"

ಆ ದಿನದ ದಿನಚರಿಯಲ್ಲಿ ಈ ಮಾತಿನ ಮುಂದೆ 'ಹೊಗಳಿದರು' ಎಂದು ಬರೆದಿದ್ದೇನೆ.

"ಒಂದು ಹೇಳು ಅಜ್ಜಾ," ಎಂದರು ಬಟ್ಟೆ ಅಂಗಡಿಯವರು ಮತ್ತೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು.

"ನನಗ ಆಗಂಗಿಲ್ರಿ. ನೀವಽ ಒಂದು ಆರಿಸ್ಕೋರಿ."

"ಆಗಂಗಿಲ್ಲ ಅಂದ್ರ ಗೊತ್ತಿಲ್ಲ ಅಂತ ಮತಲಬ್ ಆಯ್ತಲ್ಲ?"

"ಹೌದ್ರಿ," ಎಂದು ಎದ್ದರು. ಎದ್ದದ್ದು ಹತ್ತು ಮೂವತ್ತೈದಕ್ಕೆ. ಅವರು ಮಣೆಯನ್ನು ಗೋಡೆಗೆ ಆನಿಸಿಟ್ಟು ಹೊರಟರು. ನಾನು ಮೇಲೇಳಲಿಲ್ಲ. ಯಾಕೆ ಏಳಲಿಲ್ಲ ಎಂಬುದಕ್ಕೆ ಆಮೇಲೆ ಮೂರು ಕಾರಣ ಬರೆದುಕೊಂಡೆ. ಈಗ ಓದಿದರೆ ಮೂರೂ ಒಪ್ಪಿಗೆಯಾಗುವುದಿಲ್ಲ.

1979ರ ಶ್ರಾವಣಕ್ಕೆ ಅಚ್ಚಾದ ಪುಸ್ತಕ ಬಂತು. ಎರಡೂ ಊರುಗಳ ಮಣೆಗೆ ಹೊಸಬರು ಬಂದರು, ಕಾಲೇಜು ಓದಿದವರು, ಒಳ್ಳೆಯ ಕಂಠ. ಆಗಸ್ಟ್ 5, ಭಾನುವಾರ, ಅವರು ನಲವತ್ತೊಂದನೇ ಪದ್ಯಕ್ಕೆ ಪುಸ್ತಕದಲ್ಲಿದ್ದ ಒಂದೇ ಸಾಲು ಹೇಳಿದರು: ಮನೆಯಲ್ಲಿ ಹಿಟ್ಟು ಇಲ್ಲದ ಕಾರಣ ಬಾಗಿಲು ಹಾಕಿಕೊಂಡಳು. ಜನ ತಲೆಯಾಡಿಸಿದರು. ನಲವತ್ತೆರಡಕ್ಕೆ ಹೋದರು. ಒಂದು ನಿಮಿಷವೂ ಹಿಡಿಯಲಿಲ್ಲ. ಆ ಸಾಲು ನಾನು ಪಂಚರಿಗೆ ಕೊಟ್ಟ ಹಾಳೆಯದೇ ಮೊದಲ ಸಾಲು, ಒಂದಕ್ಷರವೂ ಬದಲಾಗಿರಲಿಲ್ಲ.

ಪಂಚಮಿಗೆ ಬಂದ ಚಿಗವ್ವ ಇನ್ನೂ ನಮ್ಮ ಮನೆಯಲ್ಲೇ ಇದ್ದಳು. ಅಂದು ಗುಡಿಗೂ ಬಂದಿದ್ದಳು. ಮನೆಗೆ ನಡೆಯುತ್ತಾ ಅಂದಳು:

"ಇದೇನವಾ, ಇಷ್ಟಽ? ಹೋದ ವರ್ಷ ನಮ್ಮಲ್ಲಿ ಅಜ್ಜ ಹೇಳಿದ್ದು ಇನ್ನೂ ನನ್ನ ಕಿವ್ಯಾಗ ಅದ."

"ಅದು ಜಿಪುಣತನದ ಮಾತಲ್ಲಾ ಚಿಗವ್ವಾ? ಬ್ಯಾಡಂತ ಒಳಗ ಹೋಗಿ, ಆಮ್ಯಾಲ ನಾಚಿಕಿ ಆಗಿ ಕೊಟ್ಟಿದ್ದು?"

ಚಿಗವ್ವ ನಿಂತುಬಿಟ್ಟಳು. "ಯಾವ ಜಿಪುಣಿ? ಅಕಿ ಒಳಗ ಅಳಾಕತ್ತಿದ್ಲು ಅಂದಾನಲ್ಲ! ಕೂಸಿನ ಕುಲಾಯಿ ಕೈಯಾಗ ಹಿಡಕೊಂಡು."

"ಇಲ್ಲ. 24 ಆಗಸ್ಟ್. ನಾ ಬರಕೊಂಡೀನಿ."

"ನಿನ್ನ ಬುಕ್ಕಿನಾಗ ಇದ್ರ ನನ್ನ ಕಿವಿ ಸುಳ್ಳೇನ? ಒಂದಽ ಚಾಪಿ ಮ್ಯಾಲ ಕೂತಿದ್ದೆವು. ನೀ ತಲಿ ಬಗ್ಗಿಸಿ ಬರೀತಿದ್ದಿ, ನಾ ಅವನ ಮುಖಾ ನೋಡ್ತಿದ್ದೆ!"

ಮನೆಗೆ ಬಂದು ನೋಟುಬುಕ್ಕು ತೆರೆದೆ. 24 ಆಗಸ್ಟ್ 1978, ಹುಮನಾಬಾದ: ಕೊಡಲು ಮನಸ್ಸಿಲ್ಲದೆ ಬಾಗಿಲು ಹಾಕಿಕೊಂಡಳು. ಸ್ಪಷ್ಟವಾಗಿದೆ. ಆದರೆ ಅದೇ ದಿನದ ನನ್ನ ಸ್ವಂತ ದಿನಚರಿಯನ್ನೂ ತೆಗೆದೆ. ಆ ಮುಂಜಾನೆ ಬೇಡಲು ಬಂದ ಒಬ್ಬ ಹೆಂಗಸನ್ನು ಚಿಗವ್ವ ಬರಿಗೈಯಲ್ಲಿ ಕಳಿಸಿದ್ದಳು, ನನಗೂ ಅವಳಿಗೂ ಮಾತು ನಿಂತಿತ್ತು. ಅರ್ಧ ಹಾಳೆ ತುಂಬಾ ಅದೇ ಸಿಟ್ಟು. ಚಿಗವ್ವನ ಮಗಳಿಗೆ ಆ ಬೇಸಿಗೆಯಲ್ಲಿ ಹುಟ್ಟಿದ ಕೂಸು ಉಳಿದಿರಲಿಲ್ಲ. ಅದನ್ನೂ ನಾನೇ ಬರೆದಿದ್ದೇನೆ, ಆರು ಹಾಳೆ ಹಿಂದೆ.

ಆಮೇಲಿನ ನಾಲ್ಕು ತಿಂಗಳು ಸುಮ್ಮನೆ ಕೂಡಲಾಗಲಿಲ್ಲ. ಆ ಗುರುವಾರ ಗುಡಿಯಲ್ಲಿದ್ದವರನ್ನು ಹುಮನಾಬಾದದಲ್ಲಿ ಹುಡುಕಿ ಹುಡುಕಿ ಕೇಳಿದೆ. ಗಂಜಿನಲ್ಲಿ ನನ್ನನ್ನು ನೋಡಿದರೆ "ಬಂದ್ರು ಬಾಗಿಲದ ಅಕ್ಕೋರು" ಎನ್ನುವಷ್ಟಾಯಿತು. ಒಂಬತ್ತು ಮಂದಿ ಸಿಕ್ಕರು. ನಾಲ್ವರು ಜಿಪುಣತನ ಎಂದರು. ಮೂವರು ಅಳುತ್ತಿದ್ದಳು ಎಂದರು. ಒಬ್ಬರು ಅಜ್ಜ ಆ ಪದ್ಯಕ್ಕೆ ಅರ್ಥವನ್ನೇ ಹೇಳಲಿಲ್ಲ, ಬರೀ ಪ್ರಶ್ನೆ ಕೇಳಿದ ಎಂದರು. ಇನ್ನೊಬ್ಬರು, ಬೆಲ್ಲದ ಅಡತಿ ಅಂಗಡಿಯವರು, ತಮಗೆ ನಿದ್ದೆ ಹತ್ತಿತ್ತೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. 'ಬರೀ ಪ್ರಶ್ನೆ ಕೇಳಿದ' ಎಂಬ ಆ ಒಬ್ಬರ ಮಾತು ನನ್ನನ್ನು ಎಲ್ಲಿಯೂ ನಿಲ್ಲಗೊಡಲಿಲ್ಲ.

13 ಜನವರಿ 1980, ಭಾನುವಾರ, ಕೊಹಿನೂರಕ್ಕೆ ಹೋದೆ. ಅಜ್ಜ ಅಂಗಳದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಸೊಸೆ ಚಹಾ ತಂದಿಟ್ಟು, "ನೀವು ಬಂದಿದ್ದು ಭಾಳ ಚೊಲೋ ಆಯ್ತ್ರಿ ಅಕ್ಕೋರ. ಹೋದ ಶ್ರಾವಣದಾಗ ಮಾವ ಐತವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿಗಿ ಹೋಗಿ ಕೂತು, ಬಸ್ ಹೋದ ಮ್ಯಾಲ ಮನಿಗಿ ಬರ್ತಿದ್ರು," ಎಂದಳು.

"ಏ, ಹೋಗು ನೀ ಒಳಗ," ಎಂದರು ಅಜ್ಜ.

ನಾನು ಏಳು ಅರ್ಥಗಳನ್ನೂ ತಾರೀಖು ಸಮೇತ ಓದಿದೆ. ಅವರು ಮೊರ ಕೆಳಗಿಟ್ಟು ಕಣ್ಣು ಮುಚ್ಚಿ ಕೇಳಿದರು, ಗುಡಿಯಲ್ಲಿ ಪದ್ಯ ಕೇಳುತ್ತಿದ್ದ ಹಾಗೆಯೇ. ಮುಗಿದ ಮೇಲೆ ಅಂದರು:

"ನಾ ಇಷ್ಟು ಹೇಳಿಲ್ಲ ಮಗಳ."

"ಮತ್ತ?"

"ಅರ್ಧಾ ಹೇಳ್ತಿದ್ದೆ. ಹಿಟ್ಟಿನ ಗಡಗ್ಯಾಗ ಕೈ ಹಾಕಿದ್ರ ತಳಾ ಹತ್ತತದ, ಅಂಥಾ ದಿನಾ ಕಂಡಿಲ್ಲೇನು, ಇಷ್ಟು ಅಂದು ಬಿಡ್ತಿದ್ದೆ. ಕೂತವರಽ ಮುಂದಿಂದು ನಡಿಸ್ಕೋತಿದ್ರು. ಜೋಳ ಬೀಸಿದ್ಲು, ರೊಟ್ಟಿ ಬಡದ್ಲು, ಇವು ನಿನ್ನವು."

"ಮಂಠಾಳದ್ದು? ಕುರಿ ಈದದ್ದು?"

"ಅದು ಹಿಂದ ಕೂತ ಒಬ್ಬ ಹೆಣಮಗಳು ಒದರಿದ್ದು. 'ಅಕಿ ಕೈ ಯಾಕ ಹಸಿ ಆಗ್ಯಾದಂತ ನಮಗ ಕೇಳ್ರಿ' ಅಂತ. ನಾ ಬರೇ ನಕ್ಕೆ."

ಹೌದು, ಅರ್ಥದ ಮನೆ ಖಾಲಿ ಬಿಡಬಾರದೆಂದು ಅವರ ಅರ್ಧ ಮಾತುಗಳನ್ನೆಲ್ಲ ಪೂರ್ತಿ ಮಾಡಿದ್ದೆ. ಬರೆಯುವಾಗ ಪೂರ್ತಿ ಮಾಡುತ್ತಿದ್ದೇನೆಂದು ಗೊತ್ತೇ ಆಗುತ್ತಿರಲಿಲ್ಲ. ಅವರ ದನಿಯಲ್ಲೇ ಕೇಳಿದಂತಿತ್ತು. ಈಗಲೂ ನೆನಸಿದರೆ ಅವರ ದನಿಯಲ್ಲೇ ಕೇಳುತ್ತದೆ.

"ಹಂಗಾರ ಪೂರಾ ನೀವಽ ಹೇಳಿದ್ದು ಎಷ್ಟು, ಅಜ್ಜಾ?"

"ಎರಡು." ಬೆರಳು ಮಡಿಸಿ ಎಣಿಸಿದರು. "ಇಲ್ಲ, ಮೂರು. ಸತ್ತ ಮನಿಯವರು ಕೂತ ದಿನಾ ನಾನಽ ಪೂರಾ ಹೇಳಿದ್ನೆಂತ ಕಾಣ್ತದ. ನೆಪ್ಪಿಲ್ಲ ಬಿಡು. ನೀ ಓದಿದ ಮ್ಯಾಲ ನನಗೂ ನಾನಽ ಹೇಳಿದ್ನೇನೋ ಅನಸಾಕತ್ತದ."

"ಮತ್ತ ಪಂಚರ ಮುಂದ ಯಾಕ ಹೇಳಲಿಲ್ರಿ, ನಾ ಹೇಳಿಲ್ಲ ಅಂತ?"

ಅವರು ಮೊರ ಎತ್ತಿಕೊಂಡರು. "ಏನಂತ ಹೇಳ್ಲಿ? ಅಕ್ಕೋರು ಗಲತ್ ಬರದಾರ ಅಂತ? ಐದು ಮಂದಿ ಗಂಡಸರ ಮುಂದ ಒಂದು ಹೆಣಮಗಳು ಸಹಿ ಮಾಡಿದ ಹಾಳಿ ಅದು. ನಾಳಿ ಮಕ್ಕಳಿಗಿ ಹ್ಯಾಂಗ ಪಾಠಾ ಮಾಡ್ತಿದ್ದಿ? ಮುದುಕಂದು ಏನು, ಮಣಿ ಹೋದ್ರ ಹೋಯ್ತು."

ಹದಿನಾರು ತಿಂಗಳು ಈ ಮನುಷ್ಯ ಸುಮ್ಮನಿದ್ದದ್ದು ಗೊತ್ತಿಲ್ಲದ್ದರಿಂದ ಎಂದು ಊರು ತಿಳಿದಿತ್ತು. ಹಟದಿಂದ ಎಂದು ನಾನು ತಿಳಿದಿದ್ದೆ. ಎರಡೂ ಅಲ್ಲ. ಅಥವಾ ಇದು ಮೂರನೆಯ ಅರ್ಥ ಅಷ್ಟೆಯೋ ಏನೋ. ಯಾವುದನ್ನೂ ಗಟ್ಟಿಯಾಗಿ ಹಿಡಿಯಲು ನನಗೆ ಈಗ ಧೈರ್ಯವಿಲ್ಲ.

"ಮಣಿ ಬೇಕೇನ್ರಿ ಅಜ್ಜಾ?" ಎಂದು ಕೇಳಿದೆ.

"ಬೇಕು," ಎಂದರು ತಡಮಾಡದೆ. "ಆದ್ರ ಪಾಪ ಅಂತ ಕೂಡಿಸಿದ್ರ ಬರಂಗಿಲ್ಲ. ನೀ ಎಷ್ಟು ಬರದಿ, ನಾ ಎಷ್ಟು ಹೇಳೀನಿ, ಅದು ಬರೋಬರ್ ಆಗಲಿ. ಆಗ ಬರ್ತೀನಿ."

ಮುಂದಿನ ಭಾನುವಾರ, ಜನವರಿ 20ರಂದು, ಬಟ್ಟೆ ಅಂಗಡಿಗೆ ಹೋಗಿ ಹಿರಿಯ ಪಂಚರಿಗೆ ಎಲ್ಲ ಹೇಳಿದೆ. ಅವರು ಧೋತರಗಳನ್ನು ಮಡಿಸುತ್ತಾ ಪೂರ್ತಿ ಕೇಳಿದರು.

"ಅಕ್ಕೋರ, ಅವಾಗ ನೀವು ಸಹಿ ಮಾಡಿ ಕೊಟ್ರಿ, ಖರೇ ಅಂತ. ಈಗ ಗಲತ್ ಅಂತೀರಿ. ನಾಳಿ ಮತ್ತೇನಂತೀರೋ? ಅಜ್ಜಗೂ ನೆಪ್ಪಿಲ್ಲ ಅಂತೀರಿ. ನಾ ಪಂಚರ ಮುಂದ ಏನು ಇಡ್ಲಿ?"

"ಕೂತು ಕೇಳಿದವರು ಇದ್ದಾರಲ್ರಿ."

"ಹಂಗಾರ ಅವರ ಕಡಿಂದ ಬರಸ್ಕೊಂಡು ಬರ್ರಿ. ಅಂವ ಎಲ್ಲಿ ತನಕ ಹೇಳಿದ, ಎಲ್ಲಿ ಬಿಟ್ಟ. ಶ್ರಾವಣದೊಳಗ ತಂದ್ರ ಮಾತಾಡೂಣು. ನನಗೇನು ಅಜ್ಜನ ಮ್ಯಾಲ ದ್ವೇಷ ಇಲ್ಲ." ಅಂಗಡಿಯಲ್ಲಿದ್ದ ಗಿರಾಕಿ ಹೋದ ಮೇಲೆ ಕೆಳದನಿಯಲ್ಲಿ ಸೇರಿಸಿದರು: "ಹೋದ ವರ್ಷ ನನಗೂ ಯಾಕೋ ಸಪ್ಪಗನಿಸ್ತು."

ಅವತ್ತಿನಿಂದ ಇಂದಿಗೆ ಇಪ್ಪತ್ತೊಂದು ದಿನ. ಆರು ಜನರಿಂದ ಬರೆಸಿಕೊಂಡಿದ್ದೇನೆ. ನಾಲ್ವರಿಗೆ ಅಕ್ಷರ ಬರುವುದಿಲ್ಲ, ಅವರು ಹೇಳಿದ್ದನ್ನು ನಾನೇ ಬರೆಯಬೇಕಾಯಿತು. ಅಲ್ಲಿಯೇ ಮತ್ತೆ ಭಯ. ಮಂಠಾಳದಲ್ಲಿ ಒಬ್ಬಾಕೆ "ಅಜ್ಜ ಅಂದ, ಕೈ ಹಸಿ ಇತ್ತು ಅಂತ, ಆಮ್ಯಾಲ..." ಎಂದು ನಿಲ್ಲಿಸಿ ಹೊರಗೆ ನೋಡಿದರು. ನನ್ನ ಪೆನ್ನು ತಾನಾಗಿ ಮುಂದಕ್ಕೆ ಹೋಗಲು ಹೊರಟಿತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡೆ. ಹಾಳೆಯ ಆ ಮನೆಯಲ್ಲಿ ಮೂರು ಚುಕ್ಕಿ ಇಟ್ಟು ಬಂದೆ. ಬಸ್ಸಿನುದ್ದಕ್ಕೂ ಆ ಚುಕ್ಕಿಗಳು ಕಣ್ಣಿಗೆ ಚುಚ್ಚುತ್ತಿದ್ದವು.

ಆದ್ದರಿಂದ ಈ ಬರಹವನ್ನು ಓದುವವರಲ್ಲಿ ಯಾರಾದರೂ 1976, 1977, 1978ರ ಶ್ರಾವಣಗಳಲ್ಲಿ, ಅಥವಾ ಅದಕ್ಕೂ ಮುಂಚೆ, ಬಸವಕಲ್ಯಾಣದಲ್ಲೋ ಹುಮನಾಬಾದದಲ್ಲೋ ಮಂಠಾಳದಲ್ಲೋ ಈ ಹೊತ್ತಿಗೆಯ ಅರ್ಥ ಕೇಳಿದವರಿದ್ದರೆ, ಇದು ಅಚ್ಚಾದ ಪತ್ರಿಕೆಯ ಮೂಲಕ ನನಗೆ ಒಂದು ಕಾರ್ಡು ಹಾಕಬೇಕು. ಅಜ್ಜ ಬಾಯಿಂದ ಹೇಳಿದ್ದಷ್ಟನ್ನೇ ಬರೆಯಿರಿ. ಅವರು ಎಲ್ಲಿ ಬಿಟ್ಟರೋ ಅಲ್ಲಿಯೇ ಬಿಡಿ. ಪಕ್ಕದಲ್ಲಿ ಯಾರು ಕೂತಿದ್ದರು, ಯಾರು ಏನು ಅಂದರು ಎಂಬುದು ನೆನಪಿದ್ದರೆ ಅದನ್ನೂ ಬರೆಯಿರಿ. ಈ ಹೊತ್ತಿಗೆಯ ಇನ್ನೊಂದು ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಅವಳು ಬಾಗಿಲು ಯಾಕೆ ಹಾಕಿಕೊಂಡಳೆಂದು ನಿಮಗೇ ಏನಾದರೂ ಅನ್ನಿಸಿದ್ದರೆ ಅದೂ ನನಗೆ ಬೇಕು. ಆದರೆ ಅದಕ್ಕೆ ಬೇರೆ ಕಾರ್ಡು ತೆಗೆದುಕೊಳ್ಳಿ. ಎರಡನ್ನೂ ಒಂದರಲ್ಲಿ ಬರೆಯಬೇಡಿ.